ಇನ್ನೊಮ್ಮೆ ನೋಡಿದರೆ ಕಲ್ಲೂ ಮೊಟ್ಟೆ

ಮಕ್ಕಳೇ, ಡೈನೊಸಾರ್‌ಗಳ ಹೆಸರು ಹೇಳಿ ಅಂದರೆ ನಿಮ್ಮ ಬಾಯಿಂದ ಹತ್ತಾದರೂ ಪಟಪಟನೆ ಉದುರುತ್ತವೆ. ಅವೇ ಹೆಸರುಗಳನ್ನು ಅಜ್ಜ-ಅಜ್ಜಿಯಿಂದ ಹೇಳಿಸಿ ನೋಡಿ, ಮೂರನೆಯದಕ್ಕೇ ನಗುತ್ತಾ ಸೋಲೊಪ್ಪುತ್ತಾರೆ. ಈಗ ನಿಮಗೊಂದು ಪ್ರಶ್ನೆ. ಆ ಹತ್ತು ಹೆಸರುಗಳಲ್ಲಿ ನಮ್ಮ ದೇಶದವು ಎಷ್ಟು?

ತಡವರಿಸಿದರೆ ನಾಚಿಕೆ ಬೇಡ. ಡೈನೊಸಾರ್ ಅಂದರೆ ಅಮೆರಿಕದ್ದು, ಚೀನಾದ್ದು, ಇಲ್ಲವೇ ಸಿನಿಮಾದ್ದು ಎಂದು ನಮಗೆಲ್ಲ ರೂಢಿಯಾಗಿಬಿಟ್ಟಿದೆ. ಆದರೆ ಏಷ್ಯಾದಲ್ಲೇ ಮೊದಲು ಸಿಕ್ಕ ಡೈನೊಸಾರ್ ಮೂಳೆ ನಮ್ಮ ಜಬಲ್‌ಪುರದ್ದು. ನರ್ಮದಾ ನದಿಯ ಕಣಿವೆಯಲ್ಲಿ ಡೈನೊಸಾರ್ ಮೊಟ್ಟೆಗಳು ನೂರಾರು ಸಿಕ್ಕಿವೆ. ಅವುಗಳಲ್ಲಿ ಬಹುಪಾಲು ಉದ್ದ ಕತ್ತಿನ ದೈತ್ಯರದ್ದು. ಈ ವಾರ ಅವರ ಕಥೆ ಕೇಳೋಣ.

ಕೇಳುವಾಗ ಒಂದು ವಿಷಯ ಗಮನದಲ್ಲಿರಲಿ. ಹೊಸ ಶೋಧ ಅಂದ ಕೂಡಲೇ ಗುದ್ದಲಿ, ಹಾರೆ ಹಿಡಿದು ಹೊಸದಾಗಿ ಅಗೆದದ್ದು ಎಂದುಕೊಳ್ಳುತ್ತೇವೆ. ಈ ಕಥೆಯಲ್ಲಿ ಎಷ್ಟೋ ಶೋಧಗಳು ನಡೆದಿರುವುದು ಬೇರೆ ರೀತಿ. ವರ್ಷಗಟ್ಟಲೆ ಕಣ್ಣೆದುರಿಗೇ ಬಿದ್ದಿದ್ದ ಕಲ್ಲನ್ನು ಯಾರೋ ಒಬ್ಬರು ಕೈಗೆತ್ತಿಕೊಂಡು ಇನ್ನೊಮ್ಮೆ ನೋಡಿದರು, ಅಷ್ಟೆ.

ಹದಿನೈದು ಮೀಟರ್ ಕತ್ತು

ಮೊದಲು ಈ ಪ್ರಾಣಿಗಳ ಪರಿಚಯ ಆಗಲಿ. ಕಂಬದಂಥ ನಾಲ್ಕು ಕಾಲು, ಹಿಂದೆ ಉದ್ದ ಬಾಲ, ಮುಂದೆ ಉದ್ದ ಕತ್ತು, ಅದರ ತುದಿಗೆ ಇಷ್ಟೇ ಇಷ್ಟು ತಲೆ. ಊಟ ಬರೀ ಸೊಪ್ಪುಸದೆ. ವಿಜ್ಞಾನಿಗಳು ಈ ಗುಂಪನ್ನು ಸಾರೊಪಾಡ್ ಎನ್ನುತ್ತಾರೆ. ಭೂಮಿಯ ಮೇಲೆ ನಡೆದಾಡಿದ ಪ್ರಾಣಿಗಳಲ್ಲೆಲ್ಲ ದೊಡ್ಡವು ಇವೇ.

ಜಿರಾಫೆಯ ಕತ್ತು ಸುಮಾರು ಎರಡು ಮೀಟರ್ ಉದ್ದ. ಚೀನಾದ ಮಾಮೆಂಚಿಸಾರಸ್ ಎಂಬ ಸಾರೊಪಾಡ್‌ನ ಕತ್ತು 15 ಮೀಟರ್! ನಮ್ಮ ಊರಿನ ಸಿಟಿ ಬಸ್ಸಿಗಿಂತಲೂ ಉದ್ದ. ನಮ್ಮ ಕತ್ತಿನಲ್ಲಿ ಇರುವ ಮೂಳೆಗಳು ಏಳು, ಜಿರಾಫೆಯ ಕತ್ತಿನಲ್ಲೂ ಏಳೇ. ಮಾಮೆಂಚಿಸಾರಸ್‌ಗೆ ಹದಿನೆಂಟು ಇದ್ದಿರಬೇಕು. ಅಷ್ಟುದ್ದದ ಕತ್ತನ್ನು ಎತ್ತಿ ಹಿಡಿಯುವುದು ಹೇಗೆ? ಗುಟ್ಟು ಮೂಳೆಯ ಒಳಗಿದೆ. ಹಕ್ಕಿಯ ಮೂಳೆಯಂತೆ ಅದರಲ್ಲೂ ಗಾಳಿಯ ಗೂಡುಗಳು. ಒಂದು ಮೂಳೆಯಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಬರೀ ಗಾಳಿ! ನೋಡಲು ತೊಲೆ, ತೂಕಕ್ಕೆ ಬಿದಿರು.

ಇಂಥ ಕತ್ತಿನಿಂದ ಲಾಭ ಏನು? ಗೂಟಕ್ಕೆ ಕಟ್ಟಿದ ಹಸುವನ್ನು ನೆನೆಸಿಕೊಳ್ಳಿ. ಹಗ್ಗ ಉದ್ದ ಇದ್ದಷ್ಟೂ ಅದಕ್ಕೆ ಸಿಗುವ ಮೇವು ಹೆಚ್ಚು. ಈ ಪ್ರಾಣಿಗೆ ಕತ್ತೇ ಹಗ್ಗ. ಭಾರದ ದೇಹವನ್ನು ಕದಲಿಸದೆ, ನಿಂತಲ್ಲೇ ಸುತ್ತಲಿನ ಸೊಪ್ಪನ್ನೆಲ್ಲ ಮೇಯಬಹುದಿತ್ತು.

ಈ ಮಾಮೆಂಚಿಸಾರಸ್ ಮೂಳೆಗಳು ಸಿಕ್ಕಿದ್ದು 1987ರಲ್ಲಿ. ಸಿಕ್ಕಿದ್ದೂ ಕೆಲವೇ ಕೆಲವು. ಆಮೇಲೆ ಅದರ ನೆಂಟನೊಬ್ಬನ ಪೂರ್ತಿ ಕತ್ತು ಬೇರೆ ಕಡೆ ಸಿಕ್ಕಿತು. ಅದರ ಜತೆ ಹಳೆಯ ಮೂಳೆಗಳನ್ನು ಹೋಲಿಸಿ, ಸ್ಕ್ಯಾನ್ ಮಾಡಿ, 15 ಮೀಟರ್ ಎಂಬ ಲೆಕ್ಕ ಹೊರಬಿದ್ದದ್ದು 2023ರಲ್ಲಿ. ನೋಡಿದಿರಾ, ಇನ್ನೊಮ್ಮೆ ನೋಡಿದ್ದರ ಫಲ ಇದು.

ಕಳೆದುಹೋದ ಬಾಲ

ಈಗ ಜಬಲ್‌ಪುರಕ್ಕೆ ಬರೋಣ. 1828ನೇ ಇಸವಿ. ಠಕ್ಕರನ್ನು ಹಿಡಿದು ಹೆಸರಾದ ಬ್ರಿಟಿಷ್ ಅಧಿಕಾರಿ ವಿಲಿಯಂ ಸ್ಲೀಮನ್ ಅಲ್ಲಿನ ಗುಡ್ಡವೊಂದರಲ್ಲಿ ಕಲ್ಲಾಗಿ ಹೋದ ಮೂಳೆಗಳನ್ನು ಕಂಡ. ಯಾವ ಪ್ರಾಣಿಯದೆಂದು ಅವನಿಗೆ ಗೊತ್ತಾಗುವ ಹಾಗಿರಲಿಲ್ಲ. ಯಾಕೆ ಗೊತ್ತೇ? ಡೈನೊಸಾರ್ ಎಂಬ ಪದವೇ ಆಗ ಹುಟ್ಟಿರಲಿಲ್ಲ! ಇಂಗ್ಲೆಂಡಿನ ರಿಚರ್ಡ್ ಓವೆನ್ ಆ ಪದ ಕಟ್ಟಿದ್ದು 1842ರಲ್ಲಿ.

ಮೂಳೆಗಳು ಕೊನೆಗೆ ಕಲ್ಕತ್ತೆ ಸೇರಿದವು. 1877ರಲ್ಲಿ ರಿಚರ್ಡ್ ಲೈಡೆಕರ್ ಎಂಬ ವಿಜ್ಞಾನಿ ಅವುಗಳನ್ನು ಪರೀಕ್ಷಿಸಿ, ಇವು ಭಾರಿ ಗಾತ್ರದ ಪ್ರಾಣಿಯ ಬಾಲದ ಮೂಳೆಗಳು ಎಂದು ಗುರುತಿಸಿ ‘ಟೈಟಾನೊಸಾರಸ್ ಇಂಡಿಕಸ್’ ಎಂದು ಹೆಸರಿಟ್ಟ. ಟೈಟಾನ್ ಅಂದರೆ ಗ್ರೀಕರ ಪುರಾಣದ ದೈತ್ಯ. ಆಮೇಲೆ ಆ ಮೂಳೆ ಎಲ್ಲಿಟ್ಟರೋ ಯಾರಿಗೂ ಗೊತ್ತಿಲ್ಲದಂತಾಯಿತು. ಭಾರತದ ಮೊದಲ ಡೈನೊಸಾರ್ ಕಳೆದೇಹೋಯಿತು ಎಂದು ಎಲ್ಲರೂ ಕೈಬಿಟ್ಟಿದ್ದರು. 2012ರಲ್ಲಿ ಧನಂಜಯ ಮೊಹಬೆ ಮತ್ತು ಸಂಗಡಿಗರು ಕೋಲ್ಕತ್ತದ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಸಂಗ್ರಹದಲ್ಲಿ ಹುಡುಕಿ ಅದನ್ನು ಮತ್ತೆ ಪತ್ತೆ ಮಾಡಿದರು.

ಒಂದೆರಡು ಬಾಲದ ಮೂಳೆ ಹಿಡಿದು ಪ್ರಾಣಿಯ ಜಾತಿ ಹೇಳುವುದು ಕಷ್ಟ ಎಂದು ಈಗಿನ ವಿಜ್ಞಾನಿಗಳು ಆ ಹಳೆಯ ಹೆಸರನ್ನು ಪಕ್ಕಕ್ಕಿಟ್ಟಿದ್ದಾರೆ. ಆದರೆ ಅದರಿಂದ ಹುಟ್ಟಿದ ‘ಟೈಟಾನೊಸಾರ್’ ಎಂಬ ಮನೆತನದ ಹೆಸರು ಜಗತ್ತಿನೆಲ್ಲೆಡೆ ಉಳಿದಿದೆ. ಅರ್ಜೆಂಟೀನಾದಲ್ಲಿ ಸಿಕ್ಕ, 30 ಮೀಟರ್ ಮೀರಿದ ಪಟಗೊಟೈಟಾನ್ ಕೂಡ ಇದೇ ಮನೆತನದ್ದು. ಅಷ್ಟು ದೊಡ್ಡ ಕುಟುಂಬಕ್ಕೆ ಹೆಸರು ಬಂದದ್ದು ಜಬಲ್‌ಪುರದ ಒಂದು ಗುಡ್ಡದಿಂದ.

ರವೀಂದ್ರರ ಹೆಸರು, ಮರುಭೂಮಿಯ ಹೆಸರು

ಗೋದಾವರಿ ಮತ್ತು ಪ್ರಾಣಹಿತಾ ನದಿಗಳ ಕಣಿವೆಯಲ್ಲಿ ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯವರು ಇನ್ನೊಂದು ಉದ್ದ ಕತ್ತಿನ ಪ್ರಾಣಿಯನ್ನು ಅಗೆದು ತೆಗೆದರು. ಅದರ ತೊಡೆಯ ಮೂಳೆಯೊಂದೇ ಒಂದೂವರೆ ಮೀಟರ್‌ಗಿಂತ ಉದ್ದ. ನಿಮ್ಮಲ್ಲಿ ಎಷ್ಟು ಜನ ಅದರ ಪಕ್ಕ ನಿಂತರೆ ಕುಳ್ಳಗೆ ಕಾಣುತ್ತೀರಿ! ಬಂಗಾಳಿಯಲ್ಲಿ ‘ಬರೊ’ ಅಂದರೆ ದೊಡ್ಡ, ‘ಪಾ’ ಅಂದರೆ ಕಾಲು. ಆ ಕೆಲಸ ನಡೆದ ಕಾಲಕ್ಕೆ, 1961ರಲ್ಲಿ, ರವೀಂದ್ರನಾಥ ಟ್ಯಾಗೋರರ ಜನ್ಮಶತಮಾನೋತ್ಸವ. ಎರಡನ್ನೂ ಸೇರಿಸಿ ‘ಬರಪಾಸಾರಸ್ ಟ್ಯಾಗೋರಿ’ ಎಂದು 1975ರಲ್ಲಿ ನಾಮಕರಣ ಮಾಡಿದರು. ಮೂಳೆಗಳನ್ನು ಜೋಡಿಸಿ ನಿಲ್ಲಿಸಿದ ಆ ಅಸ್ಥಿಪಂಜರ ಕೋಲ್ಕತ್ತದ ಆ ಸಂಸ್ಥೆಯಲ್ಲಿ ಇದೆ. ಮೂಳೆಗಳು ನೂರಾರು ಸಿಕ್ಕರೂ ತಲೆಬುರುಡೆ ಮಾತ್ರ ಸಿಗಲಿಲ್ಲ.

ಇತ್ತೀಚಿನದು ರಾಜಸ್ಥಾನದ್ದು. ಜೈಸಲ್ಮೇರ್ ಹತ್ತಿರದ ಬಂಡೆಗಳಲ್ಲಿ ಸಿಕ್ಕ ಮೂಳೆಗಳನ್ನು ಐಐಟಿ ರೂರ್ಕಿ ಮತ್ತು ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರು ಅಭ್ಯಾಸ ಮಾಡಿ 2023ರಲ್ಲಿ ‘ಥಾರೊಸಾರಸ್ ಇಂಡಿಕಸ್’ ಎಂದು ಹೆಸರಿಟ್ಟರು. ಥಾರ್ ಮರುಭೂಮಿಯಿಂದ ಬಂದ ಹೆಸರು. ಅದರ ವಯಸ್ಸು ಸುಮಾರು 16 ಕೋಟಿ 70 ಲಕ್ಷ ವರ್ಷ. ಅದು ಸೇರಿದ ಗುಂಪಿನಲ್ಲಿ ಈವರೆಗೆ ಸಿಕ್ಕವುಗಳಲ್ಲಿ ಹಳೆಯದು ಇದೇ. ಹಾಗಾದರೆ ಆ ಗುಂಪು ಹುಟ್ಟಿ ಹರಡಿದ್ದು ನಮ್ಮ ಕಡೆಯಿಂದಲೇ ಇರಬಹುದೇ ಎಂದು ವಿಜ್ಞಾನಿಗಳು ಈಗ ಕೇಳುತ್ತಿದ್ದಾರೆ.

ಮಸಾಲೆ ಅರೆದ ಮೊಟ್ಟೆ

ಅಜ್ಜಿಯರೇ, ಇದು ನಿಮಗಾಗಿ. ಗುಜರಾತಿನ ಬಾಲಾಸಿನೋರ್ ಹತ್ತಿರ ರೈಯೋಲಿ ಎಂಬ ಹಳ್ಳಿ ಇದೆ. 1980ರ ದಶಕದ ಆರಂಭದಲ್ಲಿ ಆ ಸುತ್ತಲಿನ ಸುಣ್ಣಕಲ್ಲಿನ ಬಂಡೆಗಳಲ್ಲಿ ಡೈನೊಸಾರ್ ಮೂಳೆ, ಮೊಟ್ಟೆಗಳು ಇವೆ ಎಂದು ತಿಳಿಯಿತು. ಅದಕ್ಕೂ ಮೊದಲು ಊರವರಿಗೆ ಅವು ಬರೀ ಗುಂಡುಕಲ್ಲು. ಬಾಲಾಸಿನೋರ್ ರಾಜಮನೆತನದ ಆಲಿಯಾ ಸುಲ್ತಾನಾ ಬಾಬಿ ಈ ಜಾಗವನ್ನು ಕಾಪಾಡಲು ಬಹಳ ವರ್ಷಗಳಿಂದ ದುಡಿದವರು. ಊರಿನ ಮುದುಕಿಯೊಬ್ಬರು ಮಸಾಲೆ ಅರೆಯಲು ಬಳಸುತ್ತಿದ್ದ ಗುಂಡು ಡೈನೊಸಾರ್ ಮೊಟ್ಟೆ ಎಂದು ಗುರುತಿಸಿದ್ದನ್ನು ಅವರು ಹೇಳಿಕೊಂಡಿದ್ದಾರೆ. ಆರು ಕೋಟಿ ವರ್ಷ ಮೀರಿದ ಮೊಟ್ಟೆಯಲ್ಲಿ ಅರೆದ ಮಸಾಲೆ!

ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲೂ ಹೀಗೇ. ಅಲ್ಲಿನ ಪಾಡಲ್ಯ ಹಳ್ಳಿಯಲ್ಲಿ ಹೊಲದಲ್ಲಿ ಸಿಕ್ಕ ದುಂಡು ಕಲ್ಲುಗಳನ್ನು ಕಾಕಡ್ ಭೈರವ ಎಂದು ಪೂಜಿಸುವ ಪದ್ಧತಿ ಇದೆ. ಬೆಳೆಯನ್ನೂ ದನಕರುಗಳನ್ನೂ ಕಾಯುವ ದೇವರು ಅದು. ಆ ಕಲ್ಲುಗಳಲ್ಲಿ ಡೈನೊಸಾರ್ ಮೊಟ್ಟೆಗಳೂ ಇವೆ ಎಂದು 2023ರ ಕೊನೆಯಲ್ಲಿ ಸುದ್ದಿಯಾಯಿತು. ಕೆಲವರು ನಕ್ಕರು. ನಗುವುದೇನಿದೆ? ಒಡೆದು ಜಲ್ಲಿ ಮಾಡದೆ, ಅರಿಸಿನ ಕುಂಕುಮ ಹಚ್ಚಿ, ತಲೆಮಾರುಗಳ ಕಾಲ ಜೋಪಾನ ಮಾಡಿದವರು ಅವರೇ ತಾನೇ?

ಅದೇ ಧಾರ್ ಜಿಲ್ಲೆಯಲ್ಲಿ ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳ ತಂಡ 92 ಗೂಡುಗಳನ್ನೂ 256 ಮೊಟ್ಟೆಗಳನ್ನೂ ಲೆಕ್ಕ ಹಾಕಿ 2023ರ ಜನವರಿಯಲ್ಲಿ ಪ್ರಕಟಿಸಿತು. ತಂಡದಲ್ಲಿದ್ದ ವಿಶಾಲ್ ವರ್ಮಾ ಅವರು ಅದೇ ಜಿಲ್ಲೆಯ ಶಾಲಾ ಶಿಕ್ಷಕರು. ಮೊಟ್ಟೆಗಳು ಸುಲಿದ ತೆಂಗಿನಕಾಯಿಗಿಂತ ಸ್ವಲ್ಪ ದಪ್ಪ, 15ರಿಂದ 17 ಸೆಂಟಿಮೀಟರ್. ಅಷ್ಟು ದೊಡ್ಡ ತಾಯಿಗೆ ಇಷ್ಟು ಚಿಕ್ಕ ಮೊಟ್ಟೆಯೇ ಅನ್ನಿಸುತ್ತದೆ ಅಲ್ಲವೇ? ಮೊಟ್ಟೆ ದೊಡ್ಡದಾದಷ್ಟೂ ಚಿಪ್ಪು ದಪ್ಪ ಇರಬೇಕಾಗುತ್ತದೆ. ತೀರಾ ದಪ್ಪವಾದರೆ ಒಳಗಿನ ಮರಿಗೆ ಗಾಳಿ ಸಾಲದು, ಒಡೆದು ಹೊರಬರಲೂ ಆಗದು.

ಗೂಡುಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಇದ್ದವು. ಆ ಗಾತ್ರದ ತಾಯಿ ನಡುವೆ ಓಡಾಡಿದರೆ ಮೊಟ್ಟೆಗಳು ಪುಡಿಯಾಗುತ್ತಿದ್ದವು. ಹಾಗಾಗಿ ಆಮೆಗಳಂತೆ ಮೊಟ್ಟೆಯಿಟ್ಟು, ಮುಚ್ಚಿ, ತಾಯಿ ಹೊರಟುಹೋಗುತ್ತಿತ್ತು ಎಂದು ವಿಜ್ಞಾನಿಗಳು ಊಹಿಸುತ್ತಾರೆ. ಅಲ್ಲಿ ಇನ್ನೊಂದು ವಿಚಿತ್ರವೂ ಸಿಕ್ಕಿತು: ಮೊಟ್ಟೆಯೊಳಗೆ ಮೊಟ್ಟೆ! ಕೋಳಿಗಳಲ್ಲಿ ಎಂದಾದರೊಮ್ಮೆ ಹೀಗಾಗುವುದನ್ನು ಕೋಳಿ ಸಾಕಿದ ಅಜ್ಜಿಯರು ಕಂಡಿರಬಹುದು. ಹಾವು, ಆಮೆಗಳಲ್ಲಿ ಇದು ಕಂಡಿಲ್ಲ. ಅಂದರೆ ಮೊಟ್ಟೆಯಿಡುವ ವಿಷಯದಲ್ಲಿ ಈ ದೈತ್ಯ, ಹಕ್ಕಿಗಳಿಗೂ ಸ್ವಲ್ಪ ಹತ್ತಿರದವನು.

ಗೂಡಿನೊಳಗಿನ ಕಳ್ಳ

ತಾಯಿ ಇಲ್ಲದ ಗೂಡಿಗೆ ಕಳ್ಳ ಬರದೆ ಇರುತ್ತಾನೆಯೇ? ಗುಜರಾತಿನ ಢೋಲಿ ಡುಂಗ್ರಿ ಎಂಬ ಹಳ್ಳಿಯಲ್ಲಿ 1980ರ ದಶಕದಲ್ಲಿ ಧನಂಜಯ ಮೊಹಬೆ ಅವರಿಗೆ ಒಂದು ಬಂಡೆ ತುಂಡು ಸಿಕ್ಕಿತು. ಬಾಲದ ಮೂಳೆ ಹುಡುಕಿದರು ಎಂದೆವಲ್ಲ, ಅವರೇ. ತುಂಡಿನಲ್ಲಿ ಡೈನೊಸಾರ್ ಮೊಟ್ಟೆಗಳು, ಪಕ್ಕದಲ್ಲಿ ಸಣ್ಣ ಸಣ್ಣ ಮೂಳೆಗಳು. ಮೂಳೆಗಳೆಲ್ಲ ಮರಿಯದ್ದೇ ಎಂದು ತಿಳಿದರು. 2001ರಲ್ಲಿ ಅಮೆರಿಕದ ಜೆಫ್ರಿ ವಿಲ್ಸನ್ ಆ ಕಲ್ಲನ್ನು ನೋಡಿದಾಗ ಅವರ ಕಣ್ಣಿಗೆ ಬೇರೇನೋ ಬಿತ್ತು. ಅವುಗಳಲ್ಲಿ ಕೆಲವು ಮೂಳೆಗಳು ಹಾವಿನವು!

ಕಲ್ಲನ್ನು ಸೂಕ್ಷ್ಮವಾಗಿ ಬಿಡಿಸಿದಾಗ ಇಡೀ ದೃಶ್ಯ ಹೊರಬಂತು. ಮೂರು ಮೊಟ್ಟೆಗಳು. ಒಂದು ಒಡೆದಿದೆ. ಅದರ ಪಕ್ಕ ಆಗತಾನೇ ಹೊರಬಂದ ಅರ್ಧ ಮೀಟರ್ ಉದ್ದದ ಮರಿ, ಅಂದರೆ ನಿಮ್ಮ ಎರಡು ಅಡಿಪಟ್ಟಿ ಜೋಡಿಸಿದ್ದಕ್ಕಿಂತ ಸ್ವಲ್ಪ ಕಡಿಮೆ. ಒಡೆದ ಮೊಟ್ಟೆಯ ಸುತ್ತ ಮೂರೂವರೆ ಮೀಟರ್ ಉದ್ದದ ಹಾವು ಸುರುಳಿ ಸುತ್ತಿಕೊಂಡಿದೆ. ಅದರ ಬಾಯಿ ಇಂದಿನ ಹೆಬ್ಬಾವಿನ ಬಾಯಿಯಷ್ಟು ಅಗಲವಾಗಿ ತೆರೆಯುತ್ತಿರಲಿಲ್ಲ. ಇಡೀ ಮೊಟ್ಟೆ ನುಂಗಲಾಗದೆ ಮರಿ ಹೊರಬರುವುದನ್ನೇ ಕಾಯುತ್ತಿತ್ತು. ಅಷ್ಟರಲ್ಲಿ ಮಳೆಗೆ ಕುಸಿದ ಮಣ್ಣೋ ಮರಳೋ ಮೇಲೆ ಬಿದ್ದು ಕಳ್ಳನೂ ಮರಿಯೂ ಒಟ್ಟಿಗೆ ಮುಚ್ಚಿಹೋದರು. ಹಾಗೇ 6 ಕೋಟಿ 70 ಲಕ್ಷ ವರ್ಷ ಉಳಿದರು. 2010ರಲ್ಲಿ ಈ ಹಾವಿಗೆ ‘ಸನಾಜೆ ಇಂಡಿಕಸ್’ ಎಂದು ಹೆಸರಿಟ್ಟರು.

ಲದ್ದಿಯಲ್ಲಿ ಸಿಕ್ಕ ಭತ್ತದ ನೆಂಟ

ಮೂಗು ಮುಚ್ಚಿಕೊಳ್ಳಬೇಡಿ, ಈ ಲದ್ದಿ ಕಲ್ಲಾಗಿ ಕೋಟ್ಯಂತರ ವರ್ಷ ಆಗಿದೆ, ನಾತ ಇಲ್ಲ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಪಿಸ್ದುರಾ ಎಂಬಲ್ಲಿ ಇಂಥ ಕಲ್ಲಿನ ಲದ್ದಿ ಬೇಕಾದಷ್ಟು ಸಿಗುತ್ತದೆ. ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ವಂದನಾ ಪ್ರಸಾದ್ ಮತ್ತು ಸಂಗಡಿಗರು ಅದರ ಚೂರುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು.

ಕಬ್ಬಿನ ಗರಿಯೋ ಭತ್ತದ ಎಲೆಯೋ ಸವರಿ ಕೈ ಗೀರಿಸಿಕೊಂಡಿದ್ದೀರಾ? ಹುಲ್ಲಿನ ಜಾತಿಯ ಗಿಡಗಳ ಎಲೆಯಲ್ಲಿ ಮರಳಿನ ಜಾತಿಯ ಅತಿ ಸಣ್ಣ ಕಣಗಳಿರುತ್ತವೆ. ಎಲೆ ಕೊಳೆತರೂ ಈ ಕಣ ಕೊಳೆಯುವುದಿಲ್ಲ. ಒಂದೊಂದು ಜಾತಿಯ ಹುಲ್ಲಿಗೆ ಒಂದೊಂದು ಆಕಾರದ ಕಣ. ಅಂಥ ಕಣಗಳು ಲದ್ದಿಯಲ್ಲಿ ಸಿಕ್ಕವು! ಹುಲ್ಲು ಹರಡಿದ್ದು ಡೈನೊಸಾರ್‌ಗಳು ಅಳಿದ ಮೇಲೆ ಎಂದು ಅಲ್ಲಿಯವರೆಗೆ ಪುಸ್ತಕಗಳಲ್ಲಿ ಬರೆದಿತ್ತು. 2005ರಲ್ಲಿ ಪ್ರಕಟವಾದ ಈ ಶೋಧದಿಂದ ಆ ಮಾತನ್ನು ತಿದ್ದಬೇಕಾಯಿತು. ಕೆಲವು ಹುಲ್ಲು ಭತ್ತದ ಬಳಗದ್ದೇ ಎಂದು 2011ರಲ್ಲಿ ಗೊತ್ತಾಯಿತು. ನಮ್ಮ ತಟ್ಟೆಯ ಅನ್ನದ ದೂರದ ನೆಂಟನನ್ನು ಆ ದೈತ್ಯರು ಆಗಲೇ ಮೇಯ್ದಿದ್ದರು.

ತಿಂದದ್ದು ಹೊಟ್ಟೆಯಲ್ಲೇ ಇದ್ದಾಗ ಹೇಗಿತ್ತು? ಅದಕ್ಕೆ ಉತ್ತರ 2025ರಲ್ಲಿ ಆಸ್ಟ್ರೇಲಿಯಾದಿಂದ ಬಂತು. ಕ್ವೀನ್ಸ್‌ಲ್ಯಾಂಡಿನ ವಿಂಟನ್ ಬಳಿ 2017ರಲ್ಲಿ ಅಗೆದು ತೆಗೆದ ‘ಜೂಡಿ’ ಎಂಬ ಅಡ್ಡಹೆಸರಿನ ಸಾರೊಪಾಡ್‌ನ ಹೊಟ್ಟೆಯ ಭಾಗದಲ್ಲಿ, ತಿಂದ ಸೊಪ್ಪು ಕಲ್ಲಾಗಿ ಉಳಿದಿತ್ತು. ಉದ್ದ ಕತ್ತಿನ ಯಾವ ಡೈನೊಸಾರ್‌ನಲ್ಲೂ ಅದಕ್ಕೆ ಮೊದಲು ಇದು ಸಿಕ್ಕಿರಲಿಲ್ಲ. ನೋಡಿದರೆ ಎಲೆಗಳನ್ನು ಕಡಿದಿದೆ, ಅಗಿದೇ ಇಲ್ಲ! ಹಸುವಿನಂತೆ ಮೆಲುಕು ಹಾಕುವುದೂ ಇಲ್ಲ. ಕಿತ್ತದ್ದನ್ನು ಹಾಗೇ ನುಂಗಿ, ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳ ಕೈಗೆ ಒಪ್ಪಿಸುವುದು. ತಲೆ ಅಷ್ಟು ಚಿಕ್ಕದಿದ್ದರೂ ನಡೆದದ್ದು ಇದರಿಂದಲೇ. ಅಗಿಯುವವರಿಗೆ ದೊಡ್ಡ ದವಡೆ, ದೊಡ್ಡ ತಲೆ ಬೇಕು. ಹಾಗಂತ ನಾಳೆ ಊಟಕ್ಕೆ ಕೂತಾಗ ‘ಡೈನೊಸಾರ್ ಅಗಿಯುತ್ತಿರಲಿಲ್ಲ’ ಎಂದು ಅಜ್ಜಿಗೆ ಹೇಳಬೇಡಿ.

ನಮ್ಮೂರಿನಲ್ಲಿ ಯಾಕಿಲ್ಲ?

ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಹತ್ತಿದ್ದೀರಾ? ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಆಗ ಭೂಮಿಯ ಮೇಲೆ ಪ್ರಾಣಿ ಎಂಬುದೇ ಇರಲಿಲ್ಲ. ದಕ್ಷಿಣ ಕರ್ನಾಟಕದ ಬಹುಪಾಲು ಬಂಡೆಗಳು ಇಂಥ ಪುರಾತನರು. ಡೈನೊಸಾರ್‌ಗಳಿಗೆ ಅವೇ ಮುತ್ತಜ್ಜಂದಿರಿಗೂ ಮುತ್ತಜ್ಜ. ಅವುಗಳಲ್ಲಿ ಮೂಳೆ ಹುಡುಕಿ ಫಲವಿಲ್ಲ.

ಉತ್ತರಕ್ಕೆ ಹೋದರೆ ಕಥೆ ಬೇರೆ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ನೆಲ ಬಿರಿದು ಲಾವಾರಸ ಉಕ್ಕಿ ಪದರ ಪದರವಾಗಿ ಹರಡಿತು. ನರ್ಮದೆಯ ಕಡೆಯ ಮೊಟ್ಟೆಗಳಿರುವ ಬಂಡೆಗಳ ಮೇಲೆ ಹೊದ್ದುಕೊಂಡದ್ದು ಇದೇ ಲಾವಾ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್‌ವರೆಗೂ ಅದರ ಅಂಚು ಚಾಚಿದೆ. ಅಲ್ಲಿನ ಎರೆ ಹೊಲದ ಕಪ್ಪು ಮಣ್ಣು ಆ ಕಲ್ಲು ಸವೆದು ಆದದ್ದು. ಗೋಲಗುಂಬಜ್ ಕಟ್ಟಿದ್ದೂ ಆ ಕಪ್ಪು ಕಲ್ಲಿನಲ್ಲೇ. ವಿಜಯಪುರಕ್ಕೆ ಪ್ರವಾಸ ಹೋದಾಗ ಅದರ ಗೋಡೆ ಮುಟ್ಟಿ ನೋಡಿ. ಕೊನೆಯ ಡೈನೊಸಾರ್‌ಗಳು ಬದುಕಿದ್ದ ಕಾಲದ ಕಲ್ಲು ಅದು.

ಸಿಕ್ಕರೆ ಏನು ಮಾಡಬೇಕು?

ಆ ಹಾವಿನ ಕಲ್ಲನ್ನು ಮತ್ತೆ ನೆನೆಸಿಕೊಳ್ಳಿ. ಯಾರಾದರೂ ಮೊಟ್ಟೆಯನ್ನು ಮಾತ್ರ ಕಿತ್ತು ಶೋಕೇಸಿಗೆ ಒಯ್ದಿದ್ದರೆ? ಹಾವು ಬರೀ ಹಾವಾಗಿ, ಮೊಟ್ಟೆ ಬರೀ ಮೊಟ್ಟೆಯಾಗಿ ಉಳಿಯುತ್ತಿತ್ತು. ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಪಳೆಯುಳಿಕೆಯ ಬೆಲೆ ಅರ್ಧ ಅದರಲ್ಲಿದೆ, ಇನ್ನರ್ಧ ಅದು ಬಿದ್ದಿರುವ ಜಾಗದಲ್ಲಿದೆ. ಯಾವ ಪದರದಲ್ಲಿತ್ತು, ಪಕ್ಕದಲ್ಲಿ ಏನಿತ್ತು ಎಂಬುದರಿಂದಲೇ ಅದರ ವಯಸ್ಸೂ ಬದುಕೂ ತಿಳಿಯುವುದು. ಕ್ವಾರಿಯ ಸಿಡಿಮದ್ದು, ಜಲ್ಲಿ ಕ್ರಷರ್, ಜೇಬಿಗೆ ಹಾಕಿಕೊಂಡು ಹೋಗುವ ಕೈ, ಮೂರೂ ಅದಕ್ಕೆ ಶತ್ರುಗಳೇ. ಇಂಥ ತಾಣಗಳನ್ನು ಕಾಪಾಡುವ ಕಾನೂನಿನ ಕರಡನ್ನು ಕೇಂದ್ರ ಸರ್ಕಾರ 2022ರಲ್ಲಿ ಹೊರಡಿಸಿತ್ತು. ಆದರೆ ಪ್ರತಿ ಗುಡ್ಡಕ್ಕೂ ಒಬ್ಬ ಪೊಲೀಸ್ ನಿಲ್ಲಲು ಆಗುತ್ತದೆಯೇ? ಕಾಯಬೇಕಾದವರು ಊರಿನ ಜನ, ದನ ಮೇಯಿಸುವ ಹುಡುಗರು, ಶಾಲೆಯ ಮೇಷ್ಟ್ರು.

ಆದ್ದರಿಂದ ಎಲ್ಲಿಯಾದರೂ ಚಿಪ್ಪಿನ, ಎಲೆಯ, ಮೂಳೆಯ ಗುರುತಿರುವ ಕಲ್ಲು ಕಂಡರೆ ಒಡೆಯಬೇಡಿ, ಕೀಳಬೇಡಿ. ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೊ ತೆಗೆಯಿರಿ, ಗಾತ್ರ ತಿಳಿಯುತ್ತದೆ. ಜಾಗದ ಗುರುತು ಬರೆದಿಟ್ಟುಕೊಳ್ಳಿ. ವಿಜ್ಞಾನ ಮೇಷ್ಟ್ರಿಗೋ ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೋ ತೋರಿಸಿ. ನೂರರಲ್ಲಿ ತೊಂಬತ್ತೊಂಬತ್ತು ಸಲ ಅದು ಬರೀ ಕಲ್ಲೇ ಆಗಿರುತ್ತದೆ. ಆಗಲಿ ಬಿಡಿ, ನೋಡುವ ಕಣ್ಣು ಪಳಗುತ್ತದಲ್ಲ.

ಈ ವಾರದ ಕೆಲಸ: ಹಗ್ಗವೊಂದನ್ನು 15 ಮೀಟರ್ ಅಳೆದು ಶಾಲೆಯ ಅಂಗಳದಲ್ಲೋ ಬೀದಿಯಲ್ಲೋ ಹಾಸಿ. ಒಂದು ತುದಿಗೆ ಅಜ್ಜ ನಿಲ್ಲಲಿ, ಇನ್ನೊಂದು ತುದಿಗೆ ನೀವು. ಅಜ್ಜನ ಕಡೆ ಮಾಮೆಂಚಿಸಾರಸ್‌ನ ಹೆಗಲು, ನಿಮ್ಮ ಕಡೆ ಅದರ ತಲೆ. ಅಲ್ಲಿಂದಲೇ ಒಬ್ಬರಿಗೊಬ್ಬರು ಪಿಸುಮಾತಿನಲ್ಲಿ ಏನಾದರೂ ಹೇಳಿ. ಕೇಳಿಸಿತೇ?